ಡಾಕ್ಟರ್ ಹೇಳಿದ ಮೂರು ಶಬ್ದ

ಉತ್ತರಪತ್ರಿಕೆ ತಿದ್ದುವಾಗ ತಮಗೆ ನಗು ಬರುವುದಿಲ್ಲ ಎಂದು ಯಾರಾದರೂ ಇಂಗ್ಲಿಷ್ ಕಲಿಸುವವರು ಹೇಳಿದರೆ ನೀವು ನಂಬಬೇಡಿ. ಕಳೆದ ಮಳೆಗಾಲದ ಕಿರುಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷಿನ ಒಂಬತ್ತು ನುಡಿಗಟ್ಟು ಕೊಟ್ಟು, ಕನ್ನಡದಲ್ಲಿ ಅರ್ಥ ಬರೆಯಿರಿ ಎಂದಿದ್ದೆ. ಹತ್ತನೆಯದನ್ನು ಅವರಿಗೇ ಬಿಟ್ಟಿದ್ದೆ: ನಿಮಗೆ ಗೊತ್ತಿರುವ ಒಂದು ನುಡಿಗಟ್ಟನ್ನು ನೀವೇ ಆರಿಸಿ ಬರೆಯಿರಿ.

'ಗಿವ್ ಅಪ್' ಎಂದರೆ 'ಮೇಲಕ್ಕೆ ಕೊಡು' ಎಂದು ಒಬ್ಬ ಬರೆದಿದ್ದ. ಅವನು ಸುಗ್ಗಿಯಲ್ಲಿ ಬಣವೆಯ ಮೇಲೆ ನಿಂತ ಅಪ್ಪನಿಗೆ ಕೆಳಗಿನಿಂದ ಜೋಳದ ಕಣಿಕೆಯ ಸಿವುಡು ಎತ್ತಿ ಕೊಡುವವನು. ಕೈಬಿಡುವುದು ಎಂಬ ಅರ್ಥ ಅವನಿಗೆ ಹೇಗೆ ಹೊಳೆಯಬೇಕು? 'ಲುಕ್ ಆಫ್ಟರ್' ಎಂದರೆ 'ಆಮೇಲೆ ನೋಡು' ಎಂದು ಆರು ಜನ ಬರೆದಿದ್ದರು. ಅದರಲ್ಲೊಬ್ಬಳು ವಾಕ್ಯವನ್ನೂ ಮಾಡಿದ್ದಳು: ನಮ್ಮಪ್ಪ ನಮ್ಮವ್ವನನ್ನು ಆಮೇಲೆ ನೋಡುತ್ತಾನೆ. ನಮ್ಮ ಕಡೆಯ ಅರ್ಧ ಮನೆಗಳ ಮಟ್ಟಿಗೆ ಅದು ತಪ್ಪೇನಲ್ಲ ಎಂದುಕೊಂಡು ಅರ್ಧ ಅಂಕ ಕೊಟ್ಟೆ.

ಹೀಗೆ ನಗುನಗುತ್ತ ಕೊನೆಯ ಪತ್ರಿಕೆಗೆ ಬಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿಯದು. ಹತ್ತನೆಯ ಸಾಲಿನಲ್ಲಿ ತಾನೇ ಆರಿಸಿದ ನುಡಿಗಟ್ಟನ್ನು ಉರುಟು ಅಕ್ಷರಗಳಲ್ಲಿ ಬರೆದಿದ್ದಳು. 'ಟಚ್ ಅಂಡ್ ಗೋ.' ಎದುರಿಗೆ ಅರ್ಥ: 'ಮುಟ್ಟಿ ಹೋಗು.'

ಕೆಂಪು ಪೆನ್ನು ಕೈಯಲ್ಲೇ ಉಳಿಯಿತು. ಅಣ್ಣಿಗೇರಿಯ ನನ್ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ನನಗೆ ತಿಳಿಯಲಿಲ್ಲ. ಹದಿಮೂರು ವರ್ಷಗಳ ಮೇಷ್ಟ್ರಗಿರಿಯಲ್ಲಿ ನಾನು ನೂರಾರು ನುಡಿಗಟ್ಟು ಕಲಿಸಿದ್ದೇನೆ. ಆ ಒಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾಕೆ ಎಂಬುದನ್ನು ಇದುವರೆಗೆ ಬರೆದಿರಲಿಲ್ಲ. ಈಗ ನಿಮಗೆ ಹೇಳಿಬಿಡುತ್ತೇನೆ.

ನನ್ನ ಊರು ಕುಂದಗೋಳ ತಾಲೂಕಿನ ಯರಗುಪ್ಪಿ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಅವನ ತಮ್ಮ, ನಮ್ಮ ಕಾಕಾ, ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಕಾಕಾನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲಕ್ಕೂ ಸದಾ ಜೋಳದ ಹಿಟ್ಟು. ಗಿರಣಿಯ ಸದ್ದಿನೊಳಗೆ ಬದುಕಿದ್ದರಿಂದ ಮನೆಯಲ್ಲಿ ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಿದ್ದ. ಓದು ನಾಲ್ಕನೆಯ ತರಗತಿಗೆ ನಿಂತಿತ್ತು. ಆದರೆ ನಾನು ಇಂಗ್ಲಿಷಿನಲ್ಲಿ ಹೆಚ್ಚು ಅಂಕ ತರುತ್ತೇನೆ ಎಂಬುದು ಗೊತ್ತಾದ ದಿನದಿಂದ ಬೀಸಲು ಬಂದವರಿಗೆಲ್ಲ ಅವನದು ಅದೇ ಸುದ್ದಿ. "ನಮ್ಮ ಗಿರಿಜಾ ಇಂಗ್ಲಿಷ್ ನೀರ ಕುಡದಂಗ ಮಾತಾಡ್ತಾಳ್ರಿ. ಒಂದ ದಿವಸ ಬಂದ ಕೇಳ್ರಿ ಬೇಕಾರ."

ನಾನು ಮಾತಾಡುತ್ತಿದ್ದುದು ಗೈಡಿನಲ್ಲಿದ್ದಷ್ಟು ಮಾತ್ರ. ಆದರೆ ಹಾಗೆಂದು ಅವನಿಗೆ ಹೇಳುವ ಧೈರ್ಯವಾಗಲಿ ಮನಸ್ಸಾಗಲಿ ನನಗಿರಲಿಲ್ಲ. ಊರಿನಲ್ಲಿ ಇಂಗ್ಲಿಷ್ ಅಚ್ಚಾದ ಯಾವ ಚೀಟಿ, ಯಾವ ಡಬ್ಬಿ ಕಂಡರೂ ಕಾಕಾ ನನ್ನೆದುರು ಹಿಡಿಯುತ್ತಿದ್ದ. ಒಮ್ಮೆ ಹತ್ತಿಗೆ ಹೊಡೆಯುವ ಔಷಧದ ಡಬ್ಬಿ ತಂದು, "ಇದರಾಗ ಏನ್ ಬರದಾರ ನೋಡ ಬೇ" ಎಂದ. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಅದರ ಮೇಲಿತ್ತು. ಆ ಸಾಲಿನಲ್ಲಿ ನನಗೆ ತಿಳಿದದ್ದು ಮಕ್ಕಳು, ಹೊರಗೆ, ಇಡು ಎಂಬ ಮೂರೇ ಶಬ್ದ. "ಮಕ್ಕಳನ್ನ ಹೊರಗ ಇಡಬೇಕಂತ ಕಾಕಾ" ಎಂದೆ. ಅವನು ಒಂದು ಮಾತೂ ಎದುರಾಡದೆ ಮನೆಯ ಮತ್ತು ಓಣಿಯ ಎಲ್ಲ ಹುಡುಗರನ್ನೂ ಹೊರಗೆ ಹಾಕಿ ಬಾಗಿಲು ಎಳೆದುಕೊಂಡ. ಏಪ್ರಿಲ್ ತಿಂಗಳ ಬಿಸಿಲು. ನಾನೂ ಹುಡುಗಿಯೇ ಆದ್ದರಿಂದ ನನ್ನನ್ನೂ ಬಿಡಲಿಲ್ಲ. ಸಂಜೆಯವರೆಗೆ ನಾವೆಲ್ಲ ಬೇವಿನ ಮರದ ಕೆಳಗೆ ಕೂತಿದ್ದೆವು. ಔಷಧದ ಡಬ್ಬಿ ಒಳಗೆ ತಂಪಾಗಿ ಕೂತಿತ್ತು.

ಇಂಥ ನಂಬಿಕೆ ಅವನದು. ಅವನ ಹೆಂಡತಿ ನೀಲವ್ವನಿಗೂ ಅದೇ ನಂಬಿಕೆ. ಅವಳು ನನಗೆ ಚಿಗವ್ವ. ಗಂಡ ಎಷ್ಟು ಜೋರೋ ಅವಳು ಅಷ್ಟು ಮೆದು. ಬೇಡದ ಮಾತನ್ನು ಆಡಿದ್ದನ್ನು ನಾನು ಕೇಳಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಡಿಗ್ರಿಯ ಮೊದಲ ವರ್ಷದಲ್ಲಿದ್ದೆ, ಹದಿನೆಂಟು ವರ್ಷ. ಒಂದು ದಿನ ಮುಂಜಾನೆ ಗಿರಣಿಯ ಕಲ್ಲು ತಿರುಗಿಸುವ ಪಟ್ಟಾ ಹರಿದು ಕಾಕಾನ ಎದೆಗೆ ಬಡಿಯಿತು. ಅವನು ಹಿಂದಕ್ಕೆ ಬಿದ್ದ. ತಲೆ ಕಲ್ಲಿಗೆ ತಾಗಿತು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ತಂದರು. ಪ್ರಜ್ಞೆ ಇರಲಿಲ್ಲ. ಅಪ್ಪ, ಚಿಗವ್ವ ಅಲ್ಲೇ ಉಳಿದರು. ನಾನು ಕಾಲೇಜು ಬಿಟ್ಟು ಬಂದು ಅವರ ಜೊತೆ ಕೂತೆ. ಚಿಗವ್ವ ಎರಡು ಸೀರೆ ಇಟ್ಟುಕೊಂಡ ಕೈಚೀಲ ತಂದಿದ್ದಳು. ಆರು ವರ್ಷದ ಮಗ ಮಂಜು, ಎರಡು ವರ್ಷದ ಮಗಳು, ಆಗತಾನೇ ಕರು ಹಾಕಿದ ಎಮ್ಮೆ, ಎಲ್ಲವನ್ನೂ ಬಾಜು ಮನೆಯವರಿಗೆ ಒಪ್ಪಿಸಿ, "ಅವರು ಎದ್ದ ಕೂಡೂತನ ನಾ ಅಲ್ಲಿಂದ ಏಳೂದಿಲ್ಲ" ಎಂದು ಹೇಳಿ ಬಂದಿದ್ದಳು.

ನೋಡಿಕೊಳ್ಳುತ್ತಿದ್ದ ಡಾಕ್ಟರ್ ದೂರದ ಊರಿನವರು, ಸಣ್ಣ ವಯಸ್ಸು, ಕನ್ನಡ ಬಾರದು. ಏನಿದ್ದರೂ ಒಬ್ಬ ನರ್ಸಮ್ಮ ನಮಗೆ ಕನ್ನಡದಲ್ಲಿ ತಿಳಿಸುತ್ತಿದ್ದಳು. ಅದು ಸಾಕಿತ್ತು. ಆದರೆ ಮೊದಲ ದಿನವೇ ನಾನು ಮುಂದೆ ಹೋಗಿ, "ಸರ್, ಯು ಕ್ಯಾನ್ ಟೆಲ್ ಮಿ ಇನ್ ಇಂಗ್ಲಿಷ್" ಎಂದಿದ್ದೆ. ಅಷ್ಟು ದುಃಖದಲ್ಲೂ ಅಪ್ಪ ನನ್ನನ್ನು ಹೆಮ್ಮೆಯಿಂದ ನೋಡಿದ. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಮೂರನೆಯ ದಿನ ಮಧ್ಯಾಹ್ನ ಅಪ್ಪ ಔಷಧ ತರಲು ಹೊರಗೆ ಹೋಗಿದ್ದ. ನರ್ಸಮ್ಮ ಇನ್ನೊಬ್ಬ ರೋಗಿಯ ಹತ್ತಿರ ಇದ್ದಳು. ಡಾಕ್ಟರ್ ಒಳಗಿನಿಂದ ಅವಸರದಲ್ಲಿ ಬಂದರು. ಚಿಗವ್ವ ಎದ್ದು ನಿಂತಳು. ಅವರು ಅವಳನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ ಹೇಳಿದರು: "ಇಟ್ಸ್ ಟಚ್ ಅಂಡ್ ಗೋ. ಪ್ಲೀಸ್ ಟೆಲ್ ಹರ್."

ನಾನು "ಯೆಸ್ ಸರ್" ಎಂದೆ. ಅವರು ಹೋದರು.

"ಏನಂದ್ರು?" ಚಿಗವ್ವ ಕೇಳಿದಳು.

ಮೂರೂ ಶಬ್ದ ನನಗೆ ಬರುತ್ತಿದ್ದವು. ಒಂದೂ ಕಠಿಣವಲ್ಲ. ಮುಟ್ಟು, ಮತ್ತು, ಹೋಗು. "ಮುಟ್ಟಿ ಹೋಗಬೇಕಂತ ಚಿಗವ್ವ" ಎಂದೆ.

"ಮುಟ್ಟಿ ಹೋಗೂದ? ಕೂಡಾಕ ಬಿಡೂದಿಲ್ಲೇನು?"

"ಇಲ್ಲ ಅನಸ್ತದ. ಒಮ್ಮೆ ನೋಡಿ, ಮುಟ್ಟಿ, ಮನಿಗಿ ಹೋಗ್ರಿ ಅಂತ. ಆರಾಮ ಆಗಾಕತ್ತಿರಬೇಕು, ಅದಕ್ಕ ಇಲ್ಲಿ ಕೂಡೂದು ಬ್ಯಾಡ ಅಂದಿರಬೇಕು."

ಕೊನೆಯ ಮಾತು ಡಾಕ್ಟರದಲ್ಲ, ನನ್ನದು. ಅರ್ಥವಾಗದ ಕಡೆ ನಮ್ಮಿಂದಲೇ ಒಂದಿಷ್ಟು ಸೇರಿಸಿ ಬರೆದರೆ ಉತ್ತರ ತುಂಬಿದಂತೆ ಕಾಣುತ್ತದೆ ಎಂಬುದು ಪರೀಕ್ಷೆಯಲ್ಲಿ ನನಗೆ ರೂಢಿಯಾಗಿತ್ತು.

"ಖರೇನ?" ಎಂದಳು.

"ಖರೇ. ಡಾಕ್ಟರ್ ಸ್ವತಃ ಹೇಳ್ಯಾರ."

ಅವಳು ಒಳಗೆ ಹೋದಳು. ಗಾಜಿನ ಕಿಂಡಿಯಿಂದ ನಾನು ನೋಡಿದೆ. ಕಾಕಾನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡು, ಹಾಸಿಗೆಯ ಮೇಲೆ ಜೋಪಾನವಾಗಿ ಇಟ್ಟು ಬಂದಳು. ಆಮೇಲೆ ಕೈಚೀಲ ಎತ್ತಿಕೊಂಡಳು. ನಾನೇ ಹೋಗಿ ಅವಳನ್ನು ಕುಂದಗೋಳದ ಬಸ್ಸಿಗೆ ಹತ್ತಿಸಿ ಬಂದೆ.

ತಿರುಗಿ ಬಂದಾಗ ಅಪ್ಪ ಔಷಧದ ಪುಡಿಕೆ ಹಿಡಿದು ನಿಂತಿದ್ದ. "ನೀಲವ್ವ ಎಲ್ಲಿ?" ಎಂದು ಕೇಳಿದ. "ಊರಿಗಿ ಹೋದ್ಲಪ್ಪ. ಎಮ್ಮಿ ಹಿಂಡಬೇಕಲ್ಲ" ಎಂದೆ. ಡಾಕ್ಟರ ಮಾತನ್ನು ಯಾಕೆ ಹೇಳಲಿಲ್ಲವೋ ತಿಳಿಯದು. ಬಹುಶಃ ಅಪ್ಪ ಎರಡನೆಯ ಪ್ರಶ್ನೆ ಕೇಳಿದರೆ ನನ್ನ ಇಂಗ್ಲಿಷಿನ ಆಳ ಎಷ್ಟು ಎಂಬುದು ಹೊರಬೀಳುತ್ತದೆ ಎಂಬ ಅಂಜಿಕೆ ಒಳಗೆಲ್ಲೋ ಇದ್ದಿರಬೇಕು.

ದೀಪ ಹಚ್ಚುವ ಹೊತ್ತಿಗೆ ಕಾಕಾ ತೀರಿಕೊಂಡ.

ಊರಿನ ಕಿರಾಣಿ ಅಂಗಡಿಯ ಫೋನಿಗೆ ಅಪ್ಪ ಸುದ್ದಿ ಹೇಳಿದ. ಅಂಗಡಿಯವರು ಮೊದಲು ತಿಳಿಸಿದ್ದು ನಮ್ಮ ಅತ್ತೆಗೆ. ಅತ್ತೆ ಎಂದರೆ ಅಪ್ಪನ, ಕಾಕಾನ ಅಕ್ಕ. ಊರಲ್ಲೇ ಕೊಟ್ಟ ಮಗಳು, ಮನೆತನದ ಹಿರಿಯಳು, ಅವಳ ಮಾತಿಗೆ ಎದುರಿಲ್ಲ. ಅವಳು ಅಳುತ್ತ ಓಡಿಬಂದಾಗ ಚಿಗವ್ವ ಬಸ್ಸಿಳಿದು ಬಂದು, ಹಸಿದ ಮಕ್ಕಳಿಗೆಂದು ಎಮ್ಮೆಯ ಕೆಳಗೆ ಕೂತು ಹಾಲು ಹಿಂಡುತ್ತಿದ್ದಳಂತೆ. ಅತ್ತೆ ಕಂಡದ್ದು ಅಷ್ಟು. ಅಪ್ಪನನ್ನು ಕೇಳಿದಾಗ ಅವನು ನನ್ನ ಮಾತನ್ನೇ ಹೇಳಿದ, ಎಮ್ಮಿ ಹಿಂಡಾಕ ಹೋಗಿದ್ಲು ಎಂದು.

ಅಂದಿನಿಂದ ಅತ್ತೆಯ ಬಾಯಲ್ಲಿ ಚಿಗವ್ವನಿಗೆ ಬೇರೆ ಹೆಸರೇ ಇರಲಿಲ್ಲ. ಗಂಡ ಜೀವಾ ಬಿಡಾಕತ್ತಾಗ ಎಮ್ಮಿ ಹಿಂಡಾಕ ಬಂದಾಕಿ. ಸಿಟ್ಟಿನಲ್ಲಿ ಅಂದಳು, ಅಳುವಿನಲ್ಲಿ ಅಂದಳು, ವರ್ಷಗಳು ಕಳೆದಂತೆ ಸುಮ್ಮನೆ ಮಾತಿನ ನಡುವೆ ಅಂದಳು. ಊರಿನ ಹೆಂಗಸರೂ ಕಲಿತರು. ಚಿಗವ್ವ ಒಮ್ಮೆಯೂ ಉತ್ತರ ಕೊಡಲಿಲ್ಲ. ಆರು ತಿಂಗಳಾದ ಮೇಲೆ ಗಿರಣಿಯ ಬೀಗ ತೆಗೆಸಿ, ಹೊಸ ಪಟ್ಟಾ ಹಾಕಿಸಿ, ತಾನೇ ಬೀಸಲು ನಿಂತಳು. ಮೊದಮೊದಲು ಹೆಂಗಸಿನ ಗಿರಣಿಗೆ ಯಾರು ಹೋಗಬೇಕು ಎಂದವರು ಆಮೇಲೆ ಸಾಲು ಹಚ್ಚಿದರು. ಇಬ್ಬರು ಮಕ್ಕಳನ್ನೂ ಓದಿಸಿದಳು. ಕಾಕಾ ಹೋದ ಹದಿಮೂರನೆಯ ದಿನ ನನ್ನನ್ನು ಕರೆದು ಅವಳು ಹೇಳಿದ್ದು ಒಂದೇ ಮಾತು: "ಸೋಮವಾರದಿಂದ ಕಾಲೇಜಿಗೆ ಹೋಗು."

ನಾನು ಹೋದೆ, ಓದಿದೆ, ಶಿಕ್ಷಕಿಯಾದೆ. ನವಲಗುಂದದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಸೇರಿ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನುಡಿಗಟ್ಟುಗಳ ಪುಸ್ತಕ ಹಿಡಿದು ಮರುದಿನದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಹಾಳೆ ತಿರುವಿದಾಗ ಅದು ಕಂಡಿತು. ಟಚ್ ಅಂಡ್ ಗೋ. ಮುಂದೆ ಅರ್ಥ: ಏನಾಗುವುದೋ ಹೇಳಲಾಗದ, ಗಂಡಾಂತರದ ಸ್ಥಿತಿ, ಉಳಿದರೆ ಉಳಿದಾನು, ಹೋದರೆ ಹೋದಾನು ಎಂಬಂಥದು.

ಮೂರು ಸಲ ಓದಿದೆ. ಬಾಜು ಕುರ್ಚಿಯ ಗಣಿತದ ಮಾಸ್ತರು, "ಯಾಕ್ರಿ ಅಕ್ಕೋರ, ಮೈಯಾಗ ಆರಾಮಿಲ್ಲೇನು?" ಎಂದರು. ತಲೆನೋವು ಎಂದು ಹೇಳಿ ಮನೆಗೆ ಬಂದೆ.

ಮರುದಿನವೇ ಹೋಗಿ ಚಿಗವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ವರ್ಷ ಮಂಜುವಿನ ಪರೀಕ್ಷೆ ಇತ್ತು. ಮುಂದೆ ಅವನ ತಂಗಿಯ ಮದುವೆ ಬಂತು. ಅದಾದ ಮೇಲೆ ಅಪ್ಪ ತೀರಿಕೊಂಡ. ಹಳೆಯ ಗಾಯ ಕೆದಕುವುದು ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆದಕಿದರೆ ನೋಯುವುದು ಯಾರಿಗೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಈ ನಡುವೆ ಎಷ್ಟು ಹಬ್ಬ, ಎಷ್ಟು ಊಟ! ಅತ್ತೆ ಆ ಮಾತನ್ನು ಅಂದಾಗಲೆಲ್ಲ ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಹೀಗೆ ಹನ್ನೊಂದು ವರ್ಷ ನಡೆಯಿತು.

ಆ ಹುಡುಗಿಯ ಉತ್ತರಪತ್ರಿಕೆ ತಿದ್ದಿದ ಮರುದಿನ ಭಾನುವಾರ. ಹುಬ್ಬಳ್ಳಿಗೆ ಬಂದು ಬಸ್ಸು ಬದಲಿಸಿ ಯರಗುಪ್ಪಿಗೆ ಹೋದೆ. ಮಂಜು ಗಿರಣಿಯಲ್ಲಿದ್ದ. ಚಿಗವ್ವ ಪಡಸಾಲೆಯಲ್ಲಿ ಒಬ್ಬಳೇ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಎದುರಿಗೆ ಕೂತು, ನೀರನ್ನೂ ಕುಡಿಯದೆ, ಎಲ್ಲವನ್ನೂ ಹೇಳಿದೆ. ಡಾಕ್ಟರ್ ಅಂದದ್ದು, ನಾನು ತಿಳಿದುಕೊಂಡದ್ದು, ನನ್ನಿಂದ ಸೇರಿಸಿದ್ದು, ಅಪ್ಪನಿಗೆ ಹೇಳಿದ್ದು.

ಅವಳ ಕೈ ಮೊರದಲ್ಲಿದ್ದ ಕಾಳಿನ ಮೇಲೆ ನಿಂತಿತು. "ಮತ್ತ ಅದರ ಖರೇ ಅರ್ಥ ಏನು?"

"ಈಗ ಏನೂ ಹೇಳಾಕ ಬರೂದಿಲ್ಲ ಅಂತ ಚಿಗವ್ವ. ಹೋದ್ರೂ ಹೋಗಬಹುದು, ಉಳದ್ರೂ ಉಳೀಬಹುದು ಅಂತ."

"ಉಳದ್ರೂ ಉಳೀಬಹುದು ಅಂದಿದ್ರೇನು ಅವರು?"

"ಹೂಂ."

ಅವಳು ತನ್ನ ಅಂಗೈಯನ್ನು ನೋಡಿಕೊಂಡಳು. "ಕೈ ಬೆಚ್ಚಗ ಇತ್ತು" ಎಂದಳು. ನನಗೆ ಹೇಳಿದ್ದಲ್ಲ ಅದು.

ಆಮೇಲೆ ತಲೆ ಎತ್ತಿದಳು. "ನಿನಗ ಇದು ಯಾವಾಗ ತಿಳೀತು?"

ನಿನ್ನೆ ತಿಳಿಯಿತು ಎಂದುಬಿಡಬಹುದಿತ್ತು. ಬಾಯಿಯವರೆಗೆ ಬಂದಿತ್ತು. "ಹನ್ನೊಂದ ವರ್ಷ ಆತು" ಎಂದೆ.

ಚಿಗವ್ವ ಮೊರವನ್ನು ಬಾಜು ಸರಿಸಿದಳು. "ತಪ್ಪ ಹೇಳಿದ್ದಕ್ಕ ನನಗ ಸಿಟ್ಟಿಲ್ಲ ಗಿರಿಜಾ. ನೀ ಆಗ ಸಣ್ಣಾಕಿ. ಬಸ್ಸಿನ್ಯಾಗ ಕೂತಾಗ ನನಗೂ ಅನಿಸಿತ್ತು, ಹೇಣ್ತಿಗಿ ಮುಟ್ಟಿ ಹೋಗು ಅಂತ ಯಾ ಡಾಕ್ಟರು ಹೇಳ್ತಾನ ಅಂತ. ಇಳದ ತಿರುಗಿ ಹೋಗಬೇಕಿತ್ತು. ಮಕ್ಕಳ ಮಾರಿ ನೆನಪಾತು, ಹೋಗಲಿಲ್ಲ. ಅದು ನನ್ನ ತಪ್ಪು."

"ಹಂಗಾರ ಯಾರಿಗೂ ಯಾಕ ಹೇಳಲಿಲ್ಲ? ಗಿರಿಜಾ ಹಿಂಗ ಹೇಳಿದ್ಲು ಅಂತ ಒಂದ ಮಾತ ಅಂದಿದ್ರ ಅತ್ತಿ ಬಾಯಿ ಮುಚ್ಚತಿದ್ಲಲ್ಲ?"

"ಅಂದಿದ್ರ ನಿಮ್ಮಪ್ಪ ಮರುದಿನಾನ ನಿನ್ನ ಕಾಲೇಜ ಬಿಡಸ್ತಿದ್ದ. ನಿಮ್ಮ ಕಾಕಾ ಊರತುಂಬ ಹೇಳ್ಕೊಂಡ ತಿರಗಿದ್ರು, ನಮ್ಮ ಹುಡುಗಿ ಇಂಗ್ಲಿಷ್ ಕಲೀತಾಳಂತ. ಅವರೂ ಹೋದ್ರು, ಅದೂ ಹೋಗಬೇಕಿತ್ತೇನು?"

ನಾನು ಅವಳ ಕಾಲು ಹಿಡಿಯಲು ಬಾಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಆದ್ರ ತಿಳದ ಮ್ಯಾಲೆ ಹನ್ನೊಂದ ವರ್ಷ ನೀ ನನ್ನ ಬಾಜೂಕ ಕೂತ ಊಟಾ ಮಾಡೀದಿ. ನಿಮ್ಮತ್ತಿ ಅನ್ನೂದು ಕೇಳ್ಕೋತ ಕೂತೀದಿ. ಆಗ ನೀ ಸಣ್ಣಾಕಿ ಇರಲಿಲ್ಲ." ಅವಳ ದನಿ ಏರಲಿಲ್ಲ. "ಹೋಗು ಈಗ. ಇವತ್ತ ನಿನ್ನ ಮಾರಿ ನೋಡಾಕ ನನ್ನ ಕೈಲಿ ಆಗೂದಿಲ್ಲ."

ಊಟ ಮಾಡದೆ ಆ ಮನೆಯಿಂದ ನಾನು ಹೊರಬಿದ್ದದ್ದು ಅದೇ ಮೊದಲು.

ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಮಂಜುವೇ ಎತ್ತುತ್ತಿದ್ದ. "ಅವ್ವ ಕೆಲಸದಾಗ ಅದಾಳ ಅಕ್ಕಾ" ಎನ್ನುತ್ತಿದ್ದ. ಮೂರು ವಾರ ಕಳೆದ ಮೇಲೆ ಅವನೇ ಫೋನ್ ಮಾಡಿ, ತನ್ನ ಎರಡನೆಯ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ, ಬಾ ಎಂದ. ಮೊದಲ ಮಗುವಿನದು ಅವನ ಹೆಂಡತಿಯ ತವರಿನಲ್ಲಾಗಿತ್ತು. ಇದು ನಮ್ಮ ಮನೆಯಲ್ಲೇ. ಹೋಗದೆ ಇರುವುದು ಹೇಗೆ? ಹೋದೆ.

ಪಡಸಾಲೆ ತುಂಬ ಹೆಂಗಸರು. ನಡುವೆ ಹೂವು ಸುತ್ತಿದ ತೊಟ್ಟಿಲು. ಜಮಖಾನದ ಮೇಲೆ ತೊಟ್ಟಿಲ ಹಗ್ಗ ಹಿಡಿದು ಅತ್ತೆ ಕೂತಿದ್ದಳು. ಎಂಬತ್ತು ದಾಟಿದ್ದರೂ ದನಿ ಗಟ್ಟಿ. ಚಿಗವ್ವ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ನಾನು ಒಳಗೆ ಹೋಗಿ ನಿಂತರೂ ನನ್ನ ಕಡೆ ತಿರುಗಲಿಲ್ಲ. ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂತೆ.

ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಬೀಗರ ಕಡೆಯ ಹೆಂಗಸೊಬ್ಬಳು, "ಕೂಸಿನ ಅಜ್ಜಿನ್ನ ಕರೀರಿ, ಅವರೂ ಒಂದೀಟ ತೂಗಲಿ" ಎಂದಳು.

ಅತ್ತೆ ನಕ್ಕಳು. "ಆಕಿನ್ನ ಯಾಕ ಕರೀತೀರಿ? ಗಂಡ ಜೀವಾ ಬಿಡಾಕತ್ತಾಗ ಎಮ್ಮಿ ಹಿಂಡಾಕ ಬಂದಾಕಿ ಆಕಿ. ತೊಟ್ಟಿಲಾ ಬ್ಯಾಡ, ಆಕಿಗಿ ಒಲಿ ಕೆಲಸ ಸಾಕು."

ಕೆಲವರು ನಕ್ಕರು. ಮಂಜುವಿನ ಮುಖ ಸಣ್ಣದಾಯಿತು. ನಾನು ಎದ್ದು ನಿಂತೆ. ನಲವತ್ತು ವರ್ಷದವಳು, ದಿನಾ ಅರವತ್ತು ಮಕ್ಕಳ ಮುಂದೆ ನಿಂತು ಮಾತಾಡುವವಳು. ಆದರೂ ಗೋಡೆ ಹಿಡಿದುಕೊಂಡೇ ಮಾತು ತೆಗೆದೆ.

"ಅತ್ತಿ, ಆಕಿ ತಾನಾಗಿ ಬರಲಿಲ್ಲ. ನಾ ಕಳಿಸಿದೆ."

ನಾನು ಎಲ್ಲರೆದುರೂ ಹೇಳಿದೆ. ಡಾಕ್ಟರ್ ಆಡಿದ ಮೂರು ಶಬ್ದ, ಅದರ ಸರಿಯಾದ ಅರ್ಥ, ನಾನು ಹೇಳಿದ ತಪ್ಪು ಅರ್ಥ. ಎಮ್ಮೆಯ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ ಎಂಬುದನ್ನೂ ಹೇಳಿದೆ. ಹನ್ನೊಂದು ವರ್ಷದಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದೆ. "ಚಿಗವ್ವ ಅಲ್ಲೇ ಇರಾಕ ಬಂದಿದ್ಲು. ಎರಡ ಸೀರಿ ಇಟ್ಕೊಂಡ ಬಂದಿದ್ಲು. ಅನ್ನೂದಿದ್ರ ಇನ್ನ ಮ್ಯಾಲೆ ನನಗ ಅನ್ನು."

ಅತ್ತೆ ನನ್ನನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಚಿಗವ್ವನನ್ನು ನೋಡುತ್ತಿದ್ದಳು.

"ಹೌದೇನ ನೀಲವ್ವ?"

"ಹೌದ್ರಿ."

"ಇಷ್ಟ ವರ್ಷ ನನಗ ಒಂದ ಮಾತ ಹೇಳಬಾರದಿತ್ತೇನು?"

ಚಿಗವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಕೇಳಲಿಲ್ಲರಿ ಅಕ್ಕಾರ. ಬರೇ ಅಂದ್ರಿ."

ಆ ಮನೆಯಲ್ಲಿ ಅತ್ತೆಗೆ ಯಾರಾದರೂ ಎದುರು ನುಡಿದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅತ್ತೆ ಜಮಖಾನದ ಮೇಲೆ ಎರಡೂ ಕೈ ಊರಿ, ನರಳುತ್ತ, ಒಂದು ಮೊಳದಷ್ಟು ಪಕ್ಕಕ್ಕೆ ಸರಿದಳು. ಖಾಲಿಯಾದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದಳು.

"ಬಾ. ಕೂಡ ಬಾ ಇಲ್ಲಿ."

"ಕೈ ಎಣ್ಣಿ ಆಗ್ಯಾವ್ರಿ."

"ಇರಲಿ, ಬಾ" ಎಂದು ಅತ್ತೆ ಹಗ್ಗವನ್ನು ಅವಳತ್ತ ಚಾಚಿದಳು.

ಚಿಗವ್ವ ಕೂಡಲೇ ಬರಲಿಲ್ಲ. ಒಳಗೆ ಹೋಗಿ ಕೈ ತೊಳೆದಳು. ನೀರು ಬೀಳುವ ಸದ್ದು ನಮಗೆಲ್ಲ ಕೇಳುತ್ತಿತ್ತು. ಹೊರಗೆ ಬಂದು ಹೆಂಗಸರ ನಡುವೆ ದಾರಿ ಮಾಡಿಕೊಂಡು ಬರುವಾಗ ನಾನು ನಿಂತ ಕಡೆಯಿಂದಲೇ ಹಾಯಬೇಕಿತ್ತು. ನನ್ನ ಬಾಜು ಬಂದು ಒಂದು ಗಳಿಗೆ ನಿಂತಳು. ಮುಖ ನೋಡಲಿಲ್ಲ.

"ಸುಮ್ಮನ ಯಾಕ ನಿಂತೀದಿ ಬೇ? ಹಂಚಿನ ಮ್ಯಾಲಿನ ಹೋಳಿಗಿ ಹೊತ್ತತೇತಿ. ಹೋಗಿ ತಿರಿವಿ ಹಾಕು."

ನಾನು ಒಳಗೆ ಓಡಿದೆ. ಹೋಳಿಗೆಯ ಒಂದು ಬದಿ ಕಪ್ಪಾಗಿತ್ತು. ಕಣ್ಣು ಮಂಜಾಗಿ ಸವುಟು ಎಲ್ಲಿದೆಯೆಂದೇ ಕಾಣಲಿಲ್ಲ, ಬೆರಳಿನಿಂದಲೇ ತಿರುವಿದೆ. ಹೊರಗೆ ತೊಟ್ಟಿಲಿನ ಹಗ್ಗ ಜಂತಿಗೆ ತಿಕ್ಕುವ ಸದ್ದು ಒಮ್ಮೆ ಕೇಳಿಸಿತು, ನಿಂತಿತು, ಆಮೇಲೆ ನಿಲ್ಲದೆ ಕೇಳಿಸತೊಡಗಿತು.